ಸಂಡಿಗೆಯಲ್ಲ, ಇಟ್ಟಿಗೆ

ನಮ್ಮ ಬೀದಿಯಲ್ಲಿ ಒಬ್ಬೊಬ್ಬ ಹೆಂಗಸಿಗೆ ಒಂದೊಂದು ಹುಚ್ಚು. ಎದುರು ಮನೆಯವರಿಗೆ ಗುಲಾಬಿಯ ಹುಚ್ಚು. ಮೂಲೆ ಮನೆಯವರಿಗೆ ಧಾರಾವಾಹಿಯದು. ಪಕ್ಕದ ಮನೆಯಾಕೆಗೆ ಬೇಸಿಗೆ ಬಂತೆಂದರೆ ಹಪ್ಪಳ-ಸಂಡಿಗೆ; ಅವರ ತಾರಸಿಯ ಮೇಲೆ ಕಾಲಿಡಲು ಜಾಗವಿರುವುದಿಲ್ಲ. ಇವೆಲ್ಲ ಮರ್ಯಾದಸ್ಥ ಹುಚ್ಚುಗಳು. ಗುಲಾಬಿ ದೇವರ ತಲೆಗೇರುತ್ತದೆ, ಸಂಡಿಗೆ ಎಣ್ಣೆಗೆ ಬೀಳುತ್ತದೆ, ಧಾರಾವಾಹಿಯಿಂದ ನಾಲ್ಕು ಜನ ಕೂತು ಮಾತಾಡಲು ವಿಷಯವಾದರೂ ಸಿಗುತ್ತದೆ. ನನ್ನ ಹುಚ್ಚಿಗೆ ಇಂಥ ಯಾವ ಸಮರ್ಥನೆಯೂ ಇಲ್ಲ. ಐವತ್ತಾರು ವರ್ಷದವಳು, ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವವಳು, ನಾನು ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಪ್ಲಾಸ್ಟಿಕ್ ಇಟ್ಟಿಗೆ ಹರಡಿಕೊಂಡು ಮನೆ ಕಟ್ಟುತ್ತೇನೆ.

ಹೌದು, ಮಕ್ಕಳಾಟಿಕೆಯ ಇಟ್ಟಿಗೆಯೇ. ಲೆಗೊ ಎಂದರೆ ಈಗಿನ ತಾಯಂದಿರಿಗೆಲ್ಲ ಗೊತ್ತು. ರಾತ್ರಿ ನೀರು ಕುಡಿಯಲು ಎದ್ದಾಗ ಬರಿಗಾಲಿಗೆ ಚುಚ್ಚಿ ಪ್ರಾಣ ಹಿಂಡುವ ವಸ್ತು ಅದು. ಮೇಲೆ ಸಾಲಾಗಿ ಪುಟ್ಟ ಪುಟ್ಟ ಉಬ್ಬುಗಳು, ಕೆಳಗೆ ಟೊಳ್ಳು. ಒಂದರ ಮೇಲೊಂದಿಟ್ಟು ಒತ್ತಿದರೆ ‘ಟಕ್’ ಎಂದು ಕೂತುಕೊಳ್ಳುತ್ತದೆ. ಆ ಉಬ್ಬುಗಳಿಗೆ ನಾನಿಟ್ಟ ಹೆಸರು ಬೊಟ್ಟು. ಎಂಟು ಬೊಟ್ಟಿನ ಇಟ್ಟಿಗೆ, ನಾಲ್ಕು ಬೊಟ್ಟಿನ ಇಟ್ಟಿಗೆ, ಒಂಟಿ ಬೊಟ್ಟು. ಕಂಪನಿಯವರು ಏನೆಂದು ಕರೆಯುತ್ತಾರೋ, ನಮ್ಮ ಮನೆಯಲ್ಲಿ ಇದೇ ನಿಘಂಟು.

ಈ ರೋಗ ಅಂಟಿದ್ದು 2020ರಲ್ಲಿ. ಇಡೀ ಲೋಕಕ್ಕೆ ಬೇರೆ ರೋಗ ಬಂದಿದ್ದ ವರ್ಷ. ಶಾಲೆ ಮುಚ್ಚಿತ್ತು. ಮೊಬೈಲಿನ ಮುಂದೆ ಕೂತು ಕಾಣದ ಮಕ್ಕಳಿಗೆ ವಿಜಯನಗರದ ಪತನ ಹೇಳಿ ಮುಗಿಸಿದ ಮೇಲೆ ಮಾಡಲು ಕೆಲಸವಿರಲಿಲ್ಲ. ಹೆಂಗಸಿಗೆ ಬಿಡುವು ಸಿಕ್ಕರೆ ಮೊದಲು ನೆನಪಾಗುವುದು ಅಟ್ಟ. ಅಟ್ಟ ಗುಡಿಸಲು ಹತ್ತಿದೆ. ಹಳೆಯ ಬಿಸ್ಕತ್ತಿನ ತಗಡಿನ ಡಬ್ಬವೊಂದು ಸಿಕ್ಕಿತು. ಮಸ್ಕತ್ತಿನಲ್ಲಿದ್ದ ನನ್ನ ಮೈದುನ 1999ರಲ್ಲಿ ಬಂದಾಗ ನಮ್ಮ ಮಗನಿಗೆ ತಂದುಕೊಟ್ಟಿದ್ದ ಲೆಗೊ. ಮಗ ಅದರಲ್ಲಿ ಆಡಿ, ಬೆಳೆದು, ಇಂಜಿನಿಯರಾಗಿ ಬೆಂಗಳೂರು ಸೇರಿದ್ದ. ಇಟ್ಟಿಗೆ ಮಾತ್ರ ಅಲ್ಲೇ ಇತ್ತು, ಜಿರಳೆಯ ಕಸದ ಜೊತೆಗೆ.

ಎಸೆಯೋಣವೆಂದೇ ಕೆಳಗಿಳಿಸಿದ್ದೆ. ಎಸೆಯುವ ಮೊದಲು ಯಾರಿಗಾದರೂ ಕೊಡಬಹುದಲ್ಲ ಎಂದು ಉಗುರುಬೆಚ್ಚಗಿನ ನೀರಿಗೆ ಸೋಪಿನ ಪುಡಿ ಹಾಕಿ ತೊಳೆದೆ. ಮೊರದಲ್ಲಿ ಹರಡಿ ತಾರಸಿಯ ನೆರಳಿನಲ್ಲಿಟ್ಟೆ. ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ಕತ್ತು ಉದ್ದ ಮಾಡಿ, “ಏನ್ರೀ ಮೇಡಂ, ಸಂಡಿಗೆಯಾ?” ಎಂದರು. “ಅಲ್ಲ, ಇಟ್ಟಿಗೆ” ಎಂದೆ. ಅವರ ಮುಖ ನೋಡಬೇಕಿತ್ತು.

ಒಣಗಿದ್ದನ್ನು ಡಬ್ಬಕ್ಕೆ ತುಂಬಲು ಕೂತವಳು ಒಂದರ ಮೇಲೊಂದಿಟ್ಟು ನೋಡಿದೆ. ಟಕ್. ಇನ್ನೊಂದು. ಟಕ್. ಎಷ್ಟು ಹೊತ್ತಾಯಿತೋ ತಿಳಿಯಲಿಲ್ಲ. ನಮ್ಮವರು ಬಂದು “ಸಾರು ಸೀದ ವಾಸನೆ ಬರ್ತಿದೆಯಲ್ಲೇ” ಎಂದಾಗಲೇ ಎಚ್ಚರ. ಮದುವೆಯಾಗಿ ಮೂವತ್ತು ವರ್ಷದಲ್ಲಿ ನಾನು ಸಾರು ಸೀಯಿಸಿದ್ದು ಅದೇ ಮೊದಲು.

ಆಮೇಲೆ ಈ ಇಟ್ಟಿಗೆಯ ಪೂರ್ವಾಪರ ವಿಚಾರಿಸಿದೆ. ಇತಿಹಾಸದ ಮೇಷ್ಟರಿಗೆ ಅದೊಂದು ಚಾಳಿ. ಡೆನ್ಮಾರ್ಕ್ ದೇಶದ ಬಿಲ್ಲುಂಡ್ ಎಂಬ ಹಳ್ಳಿಯಲ್ಲಿ ಓಲೆ ಕಿರ್ಕ್ ಕ್ರಿಸ್ಟಿಯನ್ಸನ್ ಎಂಬ ಬಡಗಿಯಿದ್ದ. ಕಷ್ಟದ ಕಾಲ, ಯಾರೂ ಮನೆ ಕಟ್ಟಿಸುತ್ತಿರಲಿಲ್ಲ. 1932ರಲ್ಲಿ ಅವನು ಏಣಿ, ಇಸ್ತ್ರಿ ಹಲಗೆಗಳ ಜೊತೆ ಮರದ ಆಟಿಕೆ ಮಾಡಲು ತೊಡಗಿದ. ಅದೇ ವರ್ಷ ಹೆಂಡತಿ ತೀರಿಹೋದಳು. ಕೈಯಲ್ಲಿ ನಾಲ್ಕು ಗಂಡುಮಕ್ಕಳು. ‘ಚೆನ್ನಾಗಿ ಆಡು’ ಎಂಬರ್ಥದ ಡೇನಿಷ್ ಮಾತುಗಳೆರಡನ್ನು ಕತ್ತರಿಸಿ ಜೋಡಿಸಿ 1934ರಲ್ಲಿ ಲೆಗೊ ಎಂದು ಹೆಸರಿಟ್ಟ.

ಅವನ ಮಗ ಗಾಡ್‌ಫ್ರೆಡ್‌ನ ಕಥೆಯೊಂದನ್ನು ನಾನು ತರಗತಿಯಲ್ಲೂ ಹೇಳುವುದುಂಟು. ಹುಡುಗನಾಗಿದ್ದಾಗ ಅವನೊಮ್ಮೆ ಮರದ ಬಾತುಕೋಳಿಗಳಿಗೆ ಮೂರು ಸಲ ಬಳಿಯಬೇಕಾದ ವಾರ್ನಿಷನ್ನು ಎರಡೇ ಸಲ ಬಳಿದು, ರೈಲ್ವೆ ಸ್ಟೇಷನ್ನಿಗೆ ಸಾಗಿಸಿ, ದುಡ್ಡು ಉಳಿಸಿದೆನೆಂದು ಅಪ್ಪನ ಮುಂದೆ ಜಂಬ ಕೊಚ್ಚಿಕೊಂಡ. ಅಪ್ಪ ಅವನನ್ನೇ ಸ್ಟೇಷನ್ನಿಗೆ ಓಡಿಸಿ, ಪೆಟ್ಟಿಗೆಗಳನ್ನು ವಾಪಸು ತರಿಸಿ, ರಾತ್ರಿಯೆಲ್ಲ ಕೂರಿಸಿ ಮೂರನೆಯ ಸಲ ಬಳಿಸಿದ. ಮುಂದೆ 1958ರ ಜನವರಿ 28ರಂದು ಈಗಿನ ಇಟ್ಟಿಗೆಗೆ ಪೇಟೆಂಟ್ ಅರ್ಜಿ ಹಾಕಿದವನು ಇದೇ ಹುಡುಗ. ಇಟ್ಟಿಗೆಯ ಮೂಲ ಕಲ್ಪನೆ ಇಂಗ್ಲೆಂಡಿನ ಹಿಲರಿ ಪೇಜ್ ಎಂಬವನದು. ಆದರೆ ಅದು ಟೊಳ್ಳು, ಅಲುಗಾಡಿದರೆ ಬಿದ್ದುಹೋಗುತ್ತಿತ್ತು. ಡೆನ್ಮಾರ್ಕಿನವರು ಆ ಟೊಳ್ಳಿನೊಳಗೆ ಕೊಳವೆಗಳನ್ನಿಟ್ಟರು. ಕೆಳಗಿನ ಇಟ್ಟಿಗೆಯ ಬೊಟ್ಟು ಕೊಳವೆಗೂ ಗೋಡೆಗೂ ನಡುವೆ ಸಿಕ್ಕಿ ಗಟ್ಟಿಯಾಗಿ ನಿಂತಿತು. ಅಷ್ಟೇ ಗುಟ್ಟು. ಇನ್ನೂ ಒಂದು ವಿಶೇಷ, 1958ರ ಇಟ್ಟಿಗೆ ಇವತ್ತಿನ ಇಟ್ಟಿಗೆಯ ಮೇಲೂ ಟಕ್ ಎಂದು ಕೂರುತ್ತದೆ. ನನ್ನ ಮಿಕ್ಸಿಯ ಜಾರು ಐದು ವರ್ಷದ ಹಿಂದಿನದು; ಅದರ ಮುಚ್ಚಳ ಈಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಎಂಟು ಬೊಟ್ಟಿನ ಒಂದೇ ಬಣ್ಣದ ಆರೇ ಆರು ಇಟ್ಟಿಗೆ ಕೊಟ್ಟರೆ ಅವನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದು ಗೊತ್ತೇ? 91,51,03,765 ಬಗೆಯಲ್ಲಿ ಎಂದು ಗಣಿತ ಬಲ್ಲವರು ಲೆಕ್ಕ ಹಾಕಿದ್ದಾರೆ. ಇದನ್ನು ನಮ್ಮವರಿಗೆ ಹೇಳಿದೆ. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಲೆಕ್ಕ ಬರೆದು ನಿವೃತ್ತರಾದವರು. “ಹಾಗಾದರೆ ಆರು ಸಾಕಲ್ಲ, ಮತ್ತೆ ಮತ್ತೆ ಯಾಕೆ ಕೊಳ್ತೀಯಾ?” ಎಂದರು. ಅವರ ಜೊತೆ ವಾದಿಸಿ ಗೆಲ್ಲುವುದು ಕಷ್ಟ.

ಕೊಳ್ಳುವುದು ನಿಜ. ಮೊದಲ ವರ್ಷ ಮಗನಿಂದ ಕದ್ದುಮುಚ್ಚಿ ತರಿಸಿದೆ. ಅವನು ತಮಾಷೆಗೆಂದು 2021ರಲ್ಲಿ ನನ್ನ ಹುಟ್ಟುಹಬ್ಬಕ್ಕೆ ತಾಜಮಹಲಿನ ಪೆಟ್ಟಿಗೆ ಕಳಿಸಿದ. 2,022 ತುಂಡು. ಕಪ್ಪು ಪೆಟ್ಟಿಗೆಯ ಮೇಲೆ ದೊಡ್ಡದಾಗಿ ‘18+’ ಎಂದು ಅಚ್ಚು. ದೊಡ್ಡವರೂ ಆಡುತ್ತಾರೆಂದು ತಿಳಿದು ಕಂಪನಿಯವರು 2020ರಿಂದ ಅವರಿಗೇ ಬೇರೆ ಪೆಟ್ಟಿಗೆ ಮಾಡಿ ಹೀಗೆ ಗುರುತು ಹಾಕುತ್ತಿದ್ದಾರೆ. ನಮ್ಮವರು ಅದನ್ನು ಕೊರಿಯರ್ ಹುಡುಗನ ಕೈಯಿಂದ ತೆಗೆದುಕೊಂಡವರೇ ಗಾಬರಿಯಾಗಿ ಟವೆಲ್ಲಿನಲ್ಲಿ ಮುಚ್ಚಿಕೊಂಡು ಒಳಗೆ ತಂದರು. “ಹದಿನೆಂಟು ವರ್ಷ ಮೇಲ್ಪಟ್ಟವರಿಗೆ ಅಂತ ಬರೆದಿದೆಯಲ್ಲೇ, ಎಂಥದ್ದನ್ನ ತರಿಸಿದ್ದೀಯೇ ಮಾರಾಯ್ತಿ!”

ತಾಜಮಹಲು ಕಟ್ಟಲು ಶಹಜಹಾನನಿಗೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ನನಗೆ ಹದಿನೆಂಟು ದಿನ. ಅವನಿಗೆ ಅಡುಗೆ ಮನೆಯ ಕೆಲಸವಿರಲಿಲ್ಲ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆದರೆ ನಿಜ ಹೇಳಬೇಕೆಂದರೆ ತಾಜಮಹಲು ನನಗೆ ಅಷ್ಟೊಂದು ರುಚಿಸಲಿಲ್ಲ. ಪುಸ್ತಕದಲ್ಲಿ ತೋರಿಸಿದಂತೆ ಜೋಡಿಸುವುದು ಚುಕ್ಕಿ ಎಣಿಸಿ ನೋಡಿಕೊಂಡು ಹಾಕುವ ರಂಗೋಲಿಯ ಹಾಗೆ. ಚೆನ್ನಾಗಿ ಬರುತ್ತದೆ, ನಮ್ಮದಾಗುವುದಿಲ್ಲ. ಒಂದು ತಿಂಗಳು ಷೋಕೇಸಿನಲ್ಲಿಟ್ಟು, ಬಿಚ್ಚಿ, ಆ ಬಿಳಿಯ ತುಂಡುಗಳಿಂದ ನಮ್ಮೂರಿನ ಬಸ್‌ಸ್ಟ್ಯಾಂಡು ಕಟ್ಟಿದೆ. ಮಗ ಫೋನಿನಲ್ಲಿ ಕೂಗಿಕೊಂಡ, “ಅಮ್ಮಾ, ತಾಜಮಹಲು ಒಡೆದು ಶಿವಮೊಗ್ಗ ಬಸ್‌ಸ್ಟ್ಯಾಂಡು ಕಟ್ಟಿದ ಮೊದಲನೇ ವ್ಯಕ್ತಿ ನೀನು!”

ನಿಮಗೂ ಆಸಕ್ತಿ ಬಂದೀತೆಂಬ ಆಸೆಯಿಂದ ಅನುಭವದ ಮಾತು ಒಂದೆರಡು ಹೇಳುತ್ತೇನೆ. ಹೊಸಬರು ಮಾಡುವ ಮೊದಲ ತಪ್ಪು ಇಟ್ಟಿಗೆಯನ್ನು ಬಣ್ಣದ ಪ್ರಕಾರ ವಿಂಗಡಿಸುವುದು. ನೋಡಲು ಚಂದ. ಆದರೆ ಕೆಂಪು ರಾಶಿಯಲ್ಲಿ ಒಂದು ಪುಟ್ಟ ಕೆಂಪು ತುಂಡು ಹುಡುಕುವುದು ತೊಗರಿಬೇಳೆಯಲ್ಲಿ ತೊಗರಿಬೇಳೆ ಹುಡುಕಿದ ಹಾಗೆ. ಆಕಾರದ ಪ್ರಕಾರ ವಿಂಗಡಿಸಬೇಕು. ಆಗ ಬಣ್ಣ ತಾನಾಗಿ ಕಣ್ಣಿಗೆ ಬೀಳುತ್ತದೆ. ನನ್ನ ಹಳೆಯ ಮಸಾಲೆ ಡಬ್ಬಿಯ ಏಳು ಬಟ್ಟಲು, ಹಾರ್ಲಿಕ್ಸಿನ ಬಾಟಲಿಗಳು, ಮದುವೆ ಮನೆಯಲ್ಲಿ ಕೊಟ್ಟ ಸ್ಟೀಲಿನ ಡಬ್ಬಗಳು, ಎಲ್ಲಕ್ಕೂ ಈಗ ಉದ್ಯೋಗ ಸಿಕ್ಕಿದೆ. ಎರಡನೆಯದು, ಕಚ್ಚಿಕೊಂಡ ತುಂಡುಗಳನ್ನು ಹಲ್ಲಿನಿಂದ ಬಿಡಿಸಬೇಡಿ. ಅದಕ್ಕೆಂದೇ ಪುಟ್ಟ ಸಾಧನ ಬರುತ್ತದೆ. ನನಗೆ ಇದು ತಿಳಿಯುವಷ್ಟರಲ್ಲಿ ದಂತವೈದ್ಯರಿಗೆ ಹೋಗಿಬಂದಾಗಿತ್ತು. ಮೂರನೆಯದು, ಗೋಡೆಯ ಶಾಸ್ತ್ರ. ನಮ್ಮ ಮನೆ ಕಟ್ಟಿಸುವಾಗ ಗಾರೆ ಮೇಸ್ತ್ರಿ ಸಂದಿನ ಮೇಲೆ ಸಂದು ಬರಬಾರದು ಎಂದು ಆಳುಗಳಿಗೆ ಬೈಯುತ್ತಿದ್ದುದನ್ನು ಕೇಳಿದ್ದೆ. ಎರಡು ಇಟ್ಟಿಗೆ ಸೇರುವ ಜಾಗದ ಮೇಲೆ ಮೂರನೆಯದರ ಹೊಟ್ಟೆ ಬರಬೇಕು. ಇಲ್ಲೂ ಅದೇ ಶಾಸ್ತ್ರ. ಹಾಗೆ ಮಾಡದಿದ್ದರೆ ಗೋಡೆ ಪುಸ್ತಕದ ಹಾಳೆಯಂತೆ ಬಿಚ್ಚಿಕೊಳ್ಳುತ್ತದೆ.

ಲೆಕ್ಕವೂ ಇದೆ. ಒಂದು ಬೊಟ್ಟಿನಿಂದ ಇನ್ನೊಂದು ಬೊಟ್ಟಿಗೆ 8 ಮಿಲಿಮೀಟರು. ಇಟ್ಟಿಗೆಯ ಎತ್ತರ 9.6. ಮೂರು ತೆಳು ತಗಡು ಸೇರಿದರೆ ಒಂದು ಇಟ್ಟಿಗೆಯ ಎತ್ತರ. ಐದು ತಗಡು ಸೇರಿದರೆ ಸರಿಯಾಗಿ ಎರಡು ಬೊಟ್ಟಿನ ಅಗಲ. ಈ ಒಂದು ಲೆಕ್ಕ ಗೊತ್ತಿದ್ದರೆ ಇಟ್ಟಿಗೆಯನ್ನು ಅಡ್ಡ ಮಲಗಿಸಿಯೂ ಗೋಡೆಗೆ ಸೇರಿಸಬಹುದು. ಬೇಲೂರಿನ ದೇವಸ್ಥಾನದ ನಕ್ಷತ್ರಾಕಾರದ ಜಗತಿಯನ್ನು ಕಟ್ಟಲು ಹೋಗಿ ಎರಡು ತಿಂಗಳು ಒದ್ದಾಡಿದೆ. ಈ ಇಟ್ಟಿಗೆಗೆ ಒಪ್ಪುವುದು ನೇರ ಮೂಲೆ. ಹೊಯ್ಸಳರ ಶಿಲ್ಪಿಗಳು ಮೂಲೆಯಿಂದ ಮೂಲೆ ಹೊರಡಿಸಿದವರು. ಕೊನೆಗೆ ಕೈಬಿಟ್ಟೆ. ಪಠ್ಯಪುಸ್ತಕದಲ್ಲಿ ‘ನಕ್ಷತ್ರಾಕಾರದ ತಳವಿನ್ಯಾಸ’ ಎಂದು ಮೂವತ್ತು ವರ್ಷ ಬಾಯಲ್ಲಿ ಹೇಳಿದ್ದೆ. ಅದು ಎಂಥ ಕೆಲಸವೆಂದು ಅರ್ಥವಾದದ್ದು ಆ ಎರಡು ತಿಂಗಳಲ್ಲಿ.

ಇನ್ನು ಜನರ ಮಾತು. ಸ್ಟಾಫ್ ರೂಮಿನಲ್ಲಿ ನಗುತ್ತಾರೆ, ಅದು ಸರಿ. ನಾನೂ ಸೇರಿ ನಗುತ್ತೇನೆ. ಕಷ್ಟವಾಗುವುದು ಬೇರೆ ಮಾತಿಗೆ. ಬಂಧುಗಳು, ಒಳ್ಳೆಯ ಮನಸ್ಸಿನವರು, ಮೇಜಿನತ್ತ ನೋಡಿ ಮೆಲ್ಲಗೆ ಹೇಳುತ್ತಾರೆ, “ಇಷ್ಟು ತಾಳ್ಮೆ ಇದೆ ನಿಮಗೆ, ಉಪಯೋಗವಾಗುವಂಥದ್ದು ಏನಾದರೂ ಮಾಡಬಾರದೇ?” ನಾನು ಯೋಚಿಸಿದ್ದೇನೆ. ನಮ್ಮ ಅತ್ತೆ ಹಗಲು ದುಡಿದು ಸಂಜೆ ಕೂತರೆ ಕೈಯಲ್ಲಿ ಬತ್ತಿ ಹೊಸೆಯುತ್ತಿದ್ದರು. ನಾವು ಕಸೂತಿ ಹಾಕಿದರೂ ಅದು ದಿಂಬಿನ ಗವಸಾಗಬೇಕು, ಹೆಣೆದರೆ ಯಾರಿಗೋ ಸ್ವೆಟರಾಗಬೇಕು. ಗಂಡಸು ಸಂಜೆ ಕ್ಲಬ್ಬಿನಲ್ಲಿ ಇಸ್ಪೀಟಾಡಿ ಬಂದರೆ ಅದರಿಂದ ಏನು ಉಪಯೋಗವಾಯಿತೆಂದು ಯಾರೂ ಕೇಳುವುದಿಲ್ಲ. ನಮ್ಮ ಕೈ ಮಾತ್ರ ಸುಮ್ಮನೆ ಆಡುವ ಹಾಗಿಲ್ಲ. ಈ ಪ್ರಶ್ನೆಗೆ ಉತ್ತರ ಕೊಡುವುದನ್ನು ನಾನು ನಿಲ್ಲಿಸಿದ್ದೆ. “ಇಲ್ಲ, ಉಪಯೋಗವಿಲ್ಲ, ಆಟ” ಎನ್ನುತ್ತಿದ್ದೆ. ಹಾಗೆ ಹೇಳಲು ಕಲಿಯುವುದಕ್ಕೇ ಐದು ವರ್ಷ ಹಿಡಿಯಿತು.

ನಮ್ಮ ಮನೆಯಲ್ಲಿ ಈ ವಿಷಯಕ್ಕೆ ಒಂದು ಮಾತೂ ಆಡದೆ ಇದ್ದವಳು ಅಮ್ಮ. ಅಪ್ಪ ತೀರಿದ ಮೇಲೆ ಅಮ್ಮ ನಮ್ಮ ಜೊತೆಗಿದ್ದಾಳೆ. ಎಂಬತ್ತು ದಾಟಿದೆ. ಬೆಳಿಗ್ಗೆ ಕನ್ನಡಕ ಹಾಕಿಕೊಂಡು ಪತ್ರಿಕೆ ಹಿಡಿದರೆ ಮಳೆಗಾಲದಲ್ಲಿ ಅವಳು ಮೊದಲು ನೋಡುವುದು ಲಿಂಗನಮಕ್ಕಿಯ ನೀರಿನ ಮಟ್ಟ. ಪೂರ್ಣ ಮಟ್ಟ 1819 ಅಡಿ. ಇವತ್ತು ಎಷ್ಟು, ನಿನ್ನೆಗಿಂತ ಎಷ್ಟು ಹೆಚ್ಚು. ನಮ್ಮವರು ಷೇರಿನ ಪುಟ ನೋಡುವಷ್ಟೇ ನಿಷ್ಠೆಯಿಂದ ನೋಡುತ್ತಾಳೆ. ನೋಡಿ, ಮಡಚಿ, ಸುಮ್ಮನಾಗುತ್ತಾಳೆ.

ಅಮ್ಮನ ತವರುಮನೆ ಆ ನೀರಿನ ಅಡಿಯಲ್ಲಿದೆ. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಹಳ್ಳಿಗಳು ಮುಳುಗಿದವು. ನಾಡಿಗೆಲ್ಲ ಬೆಳಕಾಯಿತು, ನಾವೂ ಆ ಬೆಳಕಿನಲ್ಲೇ ಓದಿದವರು. ಅಜ್ಜಯ್ಯ, ಮಾವಂದಿರು ಸಾಮಾನು ಸರಂಜಾಮು ಕಟ್ಟಿಕೊಂಡು ಹೊರಟು, ಚದುರಿ, ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಬೇರೂರಲು ನೋಡಿದರು. ಅಮ್ಮ ಆಗ ಮದುವೆಯಾಗಿ ಎರಡು ಮೂರು ವರ್ಷ. ಗೌರಿ ಹಬ್ಬಕ್ಕೆ ಓರಗೆಯವರೆಲ್ಲ ತವರಿಗೆ ಹೊರಟಾಗ ಅಮ್ಮ ಅಡುಗೆ ಮನೆಯಲ್ಲಿರುತ್ತಿದ್ದಳು. ನಾವು ಮಕ್ಕಳು ಅಜ್ಜನ ಮನೆ ಎಂಬುದನ್ನು ಪಠ್ಯಪುಸ್ತಕದಲ್ಲಿ ಓದಿ ತಿಳಿದವರು. ಅಮ್ಮ ಆ ಮನೆಯ ಸುದ್ದಿ ಎತ್ತುತ್ತಿರಲಿಲ್ಲ. ಬೇಸಿಗೆಯಲ್ಲಿ ನೀರು ತೀರ ಇಳಿದಾಗ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೆದ್ದು ಕಾಣುತ್ತದೆಂದು ಜನ ನೋಡಲು ಹೋಗುತ್ತಾರೆ. ಅಮ್ಮನನ್ನು ಕರೆದರೆ “ನೀವು ಹೋಗಿಬನ್ನಿ” ಎನ್ನುತ್ತಿದ್ದಳು. ಎಲ್ಲೋ ಅಣೆಕಟ್ಟು ತುಂಬಿ ಬಾಗಿನ ಬಿಟ್ಟ ಚಿತ್ರ ಪತ್ರಿಕೆಯಲ್ಲಿ ಬಂದರೆ ಪುಟ ಮಗುಚುತ್ತಿದ್ದಳು.

2025ರ ಜುಲೈನಲ್ಲಿ ಸಿಗಂದೂರಿಗೆ ಸೇತುವೆಯಾಯಿತು. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಸುಮಾರು ಎರಡೂವರೆ ಕಿಲೋಮೀಟರು ಹಿನ್ನೀರಿನ ಮೇಲೆ. ಅದುವರೆಗೆ ಅಲ್ಲಿ ಲಾಂಚಿನಲ್ಲೇ ದಾಟಬೇಕಿತ್ತು. ದೇವರ ದರ್ಶನವೆಂದ ಮೇಲೆ ಅಮ್ಮ ಬರಲೊಪ್ಪಿದಳು. ಸೇತುವೆಯ ಮೇಲೆ ಕಾರು ಹೋಗುವಾಗ ನಾವೆಲ್ಲ ಮೇಲಿನ ದಪ್ಪ ದಪ್ಪ ಕೇಬಲ್ಲು ನೋಡುತ್ತ ಬೆರಗಾಗುತ್ತಿದ್ದೆವು. ಅಮ್ಮ ಒಬ್ಬಳೇ ಕಿಟಕಿಗೆ ಹಣೆಯಿಟ್ಟು ಕೆಳಗೆ ನೀರು ನೋಡುತ್ತಿದ್ದಳು. ಮನೆಗೆ ಬಂದ ಮೇಲೂ ಎರಡು ದಿನ ಮಾತಿಲ್ಲ.

ಮೂರನೆಯ ದಿನ ನಾನು ಎಂದಿನಂತೆ ಮೇಜಿನ ಮುಂದೆ ಕೂತಿದ್ದೆ. ಅಮ್ಮ ಬಂದು ಎದುರಿನ ಕುರ್ಚಿಯಲ್ಲಿ ಕೂತಳು. ಒಂದು ಇಟ್ಟಿಗೆ ಎತ್ತಿ ತಿರುಗಿಸಿ ನೋಡಿದಳು. “ಇದರಲ್ಲಿ ಜಗುಲಿ ಮಾಡಲಿಕ್ಕೆ ಬರ್ತದಾ?” ಎಂದು ಕೇಳಿದಳು.

“ಬರ್ತದೆ. ಯಾರ ಮನೆ ಜಗುಲಿ?”

“ಎಂತಕ್ಕೆ ಯಾರದಾದ್ರೂ? ಬರ್ತದಾ ಅಂತ ಕೇಳಿದೆ ಅಷ್ಟೆ.”

ನಾನು ಬೇರೆ ಪ್ರಶ್ನೆ ಕೇಳಲಿಲ್ಲ. ಬೂದು ಬಣ್ಣದ ತಳಹಲಗೆ ಮುಂದಿಟ್ಟೆ. ಒಂದು ಮಗ್ಗುಲಿಗೆ 48 ಬೊಟ್ಟು, ಒಂದು ಮೊಳಕ್ಕೆ ಸ್ವಲ್ಪ ಕಡಿಮೆ. “ಬಾಗಿಲು ಯಾವ ದಿಕ್ಕಿಗೆ?” ಎಂದೆ. “ಮೂಡಾಯಕ್ಕೆ” ಎಂದಳು. ಅಲ್ಲಿಂದ ಶುರುವಾಯಿತು.

ದಸರಾ ರಜೆಯೆಲ್ಲ ಅದರಲ್ಲೇ ಹೋಯಿತು. ನನಗೆ ಅಮ್ಮ ಮೂರು ವಾರ ಮೇಸ್ತ್ರಿಯಾಗಿದ್ದಳು, ಅದೂ ಬೈಯುವ ಮೇಸ್ತ್ರಿ. ಅಂಗಳದಿಂದ ಜಗುಲಿಗೆ ನಾನು ಮೂರು ಮೆಟ್ಟಿಲಿಟ್ಟರೆ “ನಾಲ್ಕು; ಕೊನೇದು ಸ್ವಲ್ಪ ಎತ್ತರ, ಅಲ್ಲೇ ನಾನು ಎಡವಿ ಹಲ್ಲು ಮುರಿದುಕೊಂಡಿದ್ದು” ಎನ್ನುವಳು. ಬಿಚ್ಚಿ ನಾಲ್ಕು ಮಾಡಿ, ಕೊನೆಯದಕ್ಕೆ ಇನ್ನೊಂದು ತಗಡು ಸೇರಿಸುವುದು. ಜಗುಲಿಗೆ ಆರು ಕಂಬ. ಪಡಸಾಲೆಯ ಬಲಕ್ಕೆ ದೇವರ ಮನೆ. ಎಡಕ್ಕೆ ಕತ್ತಲೆ ಕೋಣೆ, ಅಲ್ಲೇ ಹೆರಿಗೆ, ಅಲ್ಲೇ ಭತ್ತದ ಪಣತ. ಬಚ್ಚಲುಮನೆ ಮನೆಗೆ ಅಂಟಿಕೊಂಡಿರಲಿಲ್ಲ, ನಡುವೆ ಎರಡು ಹೆಜ್ಜೆ ಓಣಿ. ಮಳೆಗಾಲದಲ್ಲಿ ಮಿಂದು ಒಳಗೆ ಬರುವಷ್ಟರಲ್ಲಿ ಇನ್ನೊಮ್ಮೆ ಮಿಂದ ಹಾಗಾಗುತ್ತಿತ್ತಂತೆ. ಮಗನ ಕಾಲದ ಬಿಳಿ ಇಟ್ಟಿಗೆಗಳು ಹಳೆಯದಾಗಿ ಹಳದಿಗೆ ತಿರುಗಿದ್ದವು. ಈ ಪ್ಲಾಸ್ಟಿಕ್ಕಿಗೆ ಬಿಸಿಲು ಬಿದ್ದರೆ ಹಾಗಾಗುತ್ತದೆ. ಎಲ್ಲಿಯೂ ಬಳಸಲಾಗದೆ ಮೂಲೆಗಿಟ್ಟಿದ್ದೆ. ಸುಣ್ಣ ಬಳಿದ ಮಣ್ಣಿನ ಗೋಡೆಗೆ ಅದಕ್ಕಿಂತ ಒಳ್ಳೆಯ ಬಣ್ಣ ಹೊಸ ಪೆಟ್ಟಿಗೆಯಲ್ಲಿ ಸಿಗುವುದಿಲ್ಲ. ಅಮ್ಮ ಗೋಡೆ ಮುಟ್ಟಿ “ಇದೇ” ಎಂದಳು.

ಕೊಟ್ಟಿಗೆ ಮುಗಿದಾಗ ದನ ಎಲ್ಲಿ ಎಂದು ಕೇಳಿದಳು. ನನ್ನಲ್ಲಿ ದನವಿರಲಿಲ್ಲ. ಎರಡು ಬೊಟ್ಟಿನ ಕಂದು ಇಟ್ಟಿಗೆ ಐದು ತೆಗೆದು ಸಾಲಾಗಿ ಕಟ್ಟಿದೆ. ಅಮ್ಮ ಒಂದೊಂದನ್ನೂ ಬೆರಳಿನಲ್ಲಿ ಮುಟ್ಟಿ, “ಇದು ಕಪಿಲೆ, ಇದು ಗಂಗೆ, ಇದು ತುಂಬೆ, ಇದು ಹಾಯುವ ದನ, ಇದನ್ನ ದೂರ ಕಟ್ಟು” ಎಂದಳು. ನಮ್ಮವರು ಷೇರಿನ ಪುಟದ ಮೇಲಿಂದ ನೋಡಿ, ಎದ್ದು ಬಂದು, ಆ ಹಾಯುವ ದನವನ್ನು ತಾವೇ ಮೂರು ಬೊಟ್ಟು ಆಚೆಗೆ ಸರಿಸಿ ಒತ್ತಿದರು. ಟಕ್. ಐದು ವರ್ಷದಲ್ಲಿ ಅವರು ಲೆಗೊ ಮುಟ್ಟಿದ್ದು ಅದೇ ಮೊದಲ ಸಲ.

ಉಳಿದದ್ದು ಮಾಡು. ಮಲೆನಾಡಿನ ಮನೆಯೆಂದ ಮೇಲೆ ಕೆಂಪು ಮಂಗಳೂರು ಹಂಚು ಎಂದು ನಾನು ಮೊದಲೇ ತೀರ್ಮಾನಿಸಿದ್ದೆ. ಇಳಿಜಾರಿನ ಕೆಂಪು ಇಟ್ಟಿಗೆ ನೂರಾ ಎಂಬತ್ತು, ಮಗನಿಗೆ ಹೇಳಿ ಹುಡುಕಿಸಿ ತರಿಸಿದ್ದೆ. ಬೆಲೆ ಇಲ್ಲಿ ಬರೆಯುವುದಿಲ್ಲ, ಈ ಪುಸ್ತಕ ನಮ್ಮವರೂ ಓದುತ್ತಾರೆ. ಅಮ್ಮ ಮಧ್ಯಾಹ್ನ ಮಲಗಿದ್ದಾಗ ಎರಡು ಮಗ್ಗುಲಿಗೂ ಹೊದಿಸಿ, ಮುಂಡಿಗೆ ಕೂರಿಸಿ, ಎದ್ದ ಮೇಲೆ ತೋರಿಸಿದೆ.

ಅಮ್ಮ ಬಹಳ ಹೊತ್ತು ನೋಡಿದಳು. “ಹಂಚಿರಲಿಲ್ಲ” ಎಂದಳು.

“ಮತ್ತೆ?”

“ಸೋಗೆ. ಅಡಕೆ ಸೋಗೆ. ವರ್ಷ ವರ್ಷ ಹೊದಿಸಬೇಕು. ಮಳೆ ಜೋರಾದ್ರೆ ಪಡಸಾಲೆಯಲ್ಲೆಲ್ಲ ಪಾತ್ರೆ ಇಡೋದು. ಅಪ್ಪಯ್ಯ ಹಂಚು ಹಾಕಿಸಬೇಕು ಅಂತ ದುಡ್ಡು ಕೂಡಿಸ್ತಾ ಇದ್ರು. ನನ್ನ ಮದುವೆಗೆ ಅಷ್ಟು ಹೋಯ್ತು. ಮತ್ತೆ ಕೂಡಿಸಿದ್ರು. ಅಷ್ಟರಲ್ಲಿ ಮುಳುಗಡೆ ಅಂತ ಬಂತು. ಮುಳುಗೋ ಮನೆಗೆ ಯಾರಾದ್ರೂ ಹಂಚು ಹಾಕಿಸ್ತಾರಾ?”

ನನಗೆ ಬೇಸರವಾಯಿತು, ಕೇಳದೆ ಕಟ್ಟಿದ್ದು ನನ್ನ ತಪ್ಪು. ಮೂವತ್ತು ವರ್ಷ ಮಕ್ಕಳಿಗೆ ಆಧಾರವಿಲ್ಲದೆ ಇತಿಹಾಸ ಬರೆಯಬಾರದು ಎಂದು ಹೇಳಿದವಳು, ನೋಡದ ಮನೆಗೆ ಊಹೆಯ ಮಾಡು ಹೊದಿಸಿದ್ದೆ. ಡಬ್ಬ ತೆರೆದು ಕಂದು ಬಣ್ಣದ ತಗಡುಗಳನ್ನು ಆರಿಸತೊಡಗಿದೆ. ಪದರ ಪದರವಾಗಿ ಇಳಿಬಿಟ್ಟರೆ ಸೋಗೆಯಂತೆ ಕಾಣುತ್ತದೆ, ನಾಳೆಯೊಳಗೆ ಮುಗಿಸುತ್ತೇನೆ ಎಂದೆ.

ಅಮ್ಮ ನನ್ನ ಕೈ ಹಿಡಿದಳು. “ಬೇಡ. ಹಂಚೇ ಇರಲಿ.”

ಮೆಟ್ಟಿಲು ಮೂರೋ ನಾಲ್ಕೋ ಎಂದು ಜಗಳವಾಡಿದವಳು, ಓಣಿಯ ಎರಡು ಹೆಜ್ಜೆಯನ್ನೂ ಬಿಟ್ಟುಕೊಡದವಳು, ಮಾಡಿನ ವಿಷಯದಲ್ಲಿ ಹಾಗೆಂದಳು. ನಾನೂ ಹೂಂ ಎಂದೆ. ಹೀಗಾಗಿ ನಮ್ಮ ಮೇಜಿನ ಮೇಲಿನ ಮನೆ ಇತಿಹಾಸದ ದೃಷ್ಟಿಯಿಂದ ಶುದ್ಧ ತಪ್ಪು. ಮೂರನೆಯ ಸಲ ಬಳಿಯದ ವಾರ್ನಿಷಿಗೆ ಮಗನನ್ನು ಓಡಿಸಿದ ಆ ಬಡಗಿ ಏನೆನ್ನುತ್ತಿದ್ದನೋ ಗೊತ್ತಿಲ್ಲ. ಅವನ ಕಾರ್ಖಾನೆಗೂ 1924, 1942ರಲ್ಲಿ ಬೆಂಕಿ ಬಿದ್ದಿತ್ತು. 1924ರದು ಮನೆಯನ್ನೂ ಸುಟ್ಟಿತ್ತು. ಪುನಃ ಕಟ್ಟುವಾಗ ಮೊದಲಿನದಕ್ಕಿಂತ ಸ್ವಲ್ಪ ಚೆನ್ನಾಗಿರಲಿ ಎಂಬ ಆಸೆ ಅವನಿಗೂ ಇದ್ದಿರಬೇಕು.

ದೀಪಾವಳಿಯವರೆಗೆ ಮನೆ ಮೇಜಿನ ಮೇಲಿತ್ತು. ಮಾವಂದಿರಲ್ಲಿ ಉಳಿದಿರುವ ಒಬ್ಬರು ಬಂದು ನೋಡಿ, ಬಾವಿ ತಪ್ಪು ಜಾಗದಲ್ಲಿದೆ ಎಂದು ಅಮ್ಮನ ಜೊತೆ ಎರಡು ಗಂಟೆ ವಾದಿಸಿದರು. ಅಣ್ಣ-ತಂಗಿ ಹಾಗೆ ಎದುರುಬದುರು ಕೂತು ಮಾತಾಡಿದ್ದು ನಾನು ನೋಡಿರಲಿಲ್ಲ. ಬಾವಿ ಎರಡು ಸಲ ಜಾಗ ಬದಲಿಸಿತು; ಕೊನೆಗೆ ಅಮ್ಮ ಹೇಳಿದಲ್ಲೇ ನಿಂತಿತು. ಮಾವ ಹೊರಡುವಾಗ ಅಮ್ಮನಿಗೆ “ಹಬ್ಬಕ್ಕೆ ಒಂದ್ಸಲ ಬಾರೇ” ಎಂದರು. ಅಮ್ಮ ಆಗಲಿ ಎನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ.

ಆಮೇಲೆ ಪರೀಕ್ಷೆಯ ಉತ್ತರ ಪತ್ರಿಕೆಗಳ ಕಟ್ಟು ಬಂತು. ಇರುವುದು ಒಂದೇ ಮೇಜು. ಈ ಆಟದ ನಿಯಮವೇ ಹಾಗೆ, ಕಟ್ಟಿದ್ದನ್ನು ಒಂದು ದಿನ ಬಿಚ್ಚಬೇಕು. ಬಿಚ್ಚಿದರೆ ಒಂದು ಇಟ್ಟಿಗೆಯೂ ಕೆಡುವುದಿಲ್ಲ. ತಾಜಮಹಲನ್ನು ಬಿಚ್ಚುವಾಗ ನನಗೇನೂ ಅನ್ನಿಸಿರಲಿಲ್ಲ. ಇದಕ್ಕೆ ಕೈ ಏಳಲಿಲ್ಲ. ನಾಲ್ಕು ದಿನ ನೆಲದ ಮೇಲೆ ಕೂತು ಪತ್ರಿಕೆ ತಿದ್ದಿದೆ. ಸೊಂಟ ಹಿಡಿದುಕೊಂಡಿತು.

ಐದನೆಯ ದಿನ ಅಮ್ಮನೇ ಎದ್ದು ಬಂದಳು. “ಬಿಚ್ಚು” ಎಂದಳು. “ಅಪ್ಪಯ್ಯನೂ ಬಿಚ್ಚಿದ್ರು. ನಾನು ಕೊನೇ ಗೌರಿ ಹಬ್ಬಕ್ಕೆ ಹೋದಾಗ ಕಂಬಕ್ಕೆಲ್ಲ ಇದ್ದಿಲಲ್ಲಿ ನಂಬರ್ ಹಾಕ್ತಾ ಇದ್ರು. ಹೋದ ಕಡೆ ಹೀಗೇ ಕಟ್ಟಬೇಕು ಅಂತ. ಒಂದು, ಎರಡು, ಮೂರು... ಕಟ್ಟಲಿಕ್ಕೆ ಆಗಲೇ ಇಲ್ಲ. ಆ ಕಂಬ ಎಷ್ಟೋ ವರ್ಷ ಮಾವನ ಮನೆ ಹಿತ್ತಲಲ್ಲಿ ಬಿದ್ದಿದ್ವು, ನಂಬರ್ ಹಾಕಿದ ಹಾಗೇ.”

ಅರವತ್ತು ವರ್ಷದಲ್ಲಿ ಈ ಮಾತನ್ನು ಅಮ್ಮ ನನಗೆ ಹೇಳಿದ್ದು ಅಂದೇ ಮೊದಲು.

ಇಬ್ಬರೂ ಕೂತು ಬಿಚ್ಚಿದೆವು. ನಾನು ಗೋಡೆ, ಅಮ್ಮ ಮಾಡು. ಒಂದೊಂದು ಕೆಂಪು ತುಂಡನ್ನೂ ಉಗುರಿನಿಂದ ಎಬ್ಬಿಸಿ ಬೇರೆಯಾಗಿ ಮೊರಕ್ಕೆ ಹಾಕಿದಳು. ನನ್ನ ಡಬ್ಬಿಗಳ ಜೊತೆ ಬೆರೆಸಬಾರದೆಂದು ಕಟ್ಟಪ್ಪಣೆ ಮಾಡಿದಳು. ಒಂದು ಹಾರ್ಲಿಕ್ಸಿನ ಬಾಟಲಿಯನ್ನು ತಾನೇ ತೊಳೆದು ಒರೆಸಿಟ್ಟಳು.

ಈಗ ನನಗೊಂದು ತೊಂದರೆಯಾಗಿದೆ. ಬಂಧುಗಳಿಗೆ ಸುದ್ದಿ ಹೋಗಿ, “ನೋಡಿದಿರಾ, ಕೊನೆಗೂ ನಿಮ್ಮ ಇಟ್ಟಿಗೆಯಿಂದ ಉಪಯೋಗವಾಯಿತು” ಎಂದು ಮೆಚ್ಚಿ ಮಾತಾಡುತ್ತಿದ್ದಾರೆ. ಹೌದೆನ್ನಲು ನನಗೆ ಮನಸ್ಸಿಲ್ಲ. ಉಪಯೋಗಕ್ಕೆಂದು ಹೊರಟಿದ್ದರೆ ಅಮ್ಮನ ಮುಂದೆ ನೋಟ್‌ಬುಕ್ಕು ಹಿಡಿದು ಕೂರುತ್ತಿದ್ದೆ, ಅಮ್ಮ ಎಂದಿನಂತೆ ಪುಟ ಮಗುಚುತ್ತಿದ್ದಳು. ಅವಳು ಬಂದು ಕೂತದ್ದು ನಾನು ಸುಮ್ಮನೆ ಆಡುತ್ತಿದ್ದೆ ಎಂದೇ. ಆದ್ದರಿಂದ ಯಾರಾದರೂ ಕೇಳಿದರೆ ಈಗಲೂ “ಉಪಯೋಗವಿಲ್ಲ, ಆಟ” ಎನ್ನುತ್ತೇನೆ.

ಬಾಟಲಿಗೆ ತುಂಬುವ ಮೊದಲು ಧೂಳು ಹೋಗಲೆಂದು ಆ ಕೆಂಪು ತುಂಡುಗಳನ್ನು ತೊಳೆದು ತಾರಸಿಯ ನೆರಳಿನಲ್ಲಿ ಹರಡಿದ್ದೆವು. ಅಮ್ಮ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು, ಕೈಯಲ್ಲೊಂದು ಕೋಲು ಹಿಡಿದು, ಕಾಗೆ ಕಾಯುವವಳಂತೆ ಕೂತಿದ್ದಳು. ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ಕತ್ತು ಚಾಚಿ, “ಏನಮ್ಮಾ, ಈ ಸಲವಾದರೂ ಸಂಡಿಗೆಯಾ?” ಎಂದರು.

“ಅಲ್ಲ” ಎಂದಳು ಅಮ್ಮ, “ಹಂಚು.”